ದರ್ಜಿ ಚಾಚಾನ ಹೈದರಾಬಾದು

ಹೋದ ತಿಂಗಳು ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಮೂವರಿದ್ದೆವು. ಶೇಂಗಾ ಸುಲಿಯುತ್ತಿದ್ದ ನನ್ನ ಹೆಂಡತಿ, ಸುಲಿದದ್ದನ್ನು ತಿನ್ನುತ್ತಿದ್ದ ನಾನು, ಮತ್ತು ದೀಪಾವಳಿ ಸೂಟಿಯಲ್ಲಿ ತಾನು ಕಲಿಸುವ ಸಾಲೆಯ ಗೆಳತಿಯರ ಜೊತೆ ಕಾಠ್ಮಂಡುವಿಗೆ ಹೊರಟ ಮಗಳು. ಅವಳು ಮೊಬೈಲಿನಲ್ಲಿ ಇಳಿದುಕೊಳ್ಳುವ ಜಾಗ ಹುಡುಕುತ್ತಿದ್ದಳು. ಅಲ್ಲಿ ಮೊದಲು ಉಳಿದು ಬಂದವರು ಬರೆದದ್ದನ್ನು ಒಂದೊಂದಾಗಿ ನಮಗೆ ಓದಿ ಹೇಳುತ್ತಿದ್ದಳು.

“ಇಲ್ಲೊಬ್ಬಾಂವ ಬರದಾನ ನೋಡಪ್ಪಾ. ಬಿಸಿ ನೀರು ಎಂಟರ ಒಳಗ ತುಂಬಿಕೋಬೇಕಂತ, ಆಮ್ಯಾಲ ಬರೂದಿಲ್ಲಂತ.”

ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಈ ಮಾತನ್ನು ನಾನು ಕೇಳಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಕೇಳಿದ್ದು ಕಾಠ್ಮಂಡುವಿನ ಬಗ್ಗೆ ಅಲ್ಲ, ಹೈದರಾಬಾದಿನ ಬಗ್ಗೆ. ಹೇಳಿದವನು ನಮ್ಮೂರು ಸೋನ್ಯಾಳದ ದರ್ಜಿ ದಸ್ತಗೀರ ಚಾಚಾ.

ಚಾಚಾನ ಹೊಲಿಗೆ ಅಂಗಡಿ ನಮ್ಮ ಓಣಿಯ ಬಾಯಲ್ಲಿಯೇ ಇತ್ತು. ಕಾಲಿನಿಂದ ತುಳಿಯುವ ಒಂದು ಮಷೀನು, ಬಂದವರು ಕೂರಲು ಒಂದು ಬಾಕು, ಗೋಡೆಗೆ ಒಂದು ಕನ್ನಡಿ. ಅಂಗಿಗೆ ಗುಂಡಿ ಹಚ್ಚಲು ಎಂಟು ದಿನ ತಿರುಗಿಸುವ ಮನುಷ್ಯ. ಆದರೂ ಕುಣಿಕೋಣೂರು, ಅಸಂಗಿಯಂಥ ಸುತ್ತಲಿನ ಊರುಗಳಿಂದೆಲ್ಲ ಜನ ಅವನ ಹತ್ತಿರ ಬರುತ್ತಿದ್ದುದು ಬಟ್ಟೆಗಾಗಿ ಅಲ್ಲ. ಹೈದರಾಬಾದಿಗೆ ಹೋಗುವವರು ಮೊದಲು ಚಾಚಾನನ್ನು ಕೇಳಬೇಕು ಎಂಬುದು ನಮ್ಮ ಕಡೆಯ ವಾಡಿಕೆಯಾಗಿತ್ತು. ಎಲ್ಲಿ ಇಳಿಯಬೇಕು, ಏನು ನೋಡಬೇಕು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ, ಎಲ್ಲವೂ ಅವನ ನಾಲಗೆಯ ತುದಿಯಲ್ಲಿತ್ತು.

ಸುಮ್ಮನೆ ಹೇಳಿಬಿಡುತ್ತಿರಲಿಲ್ಲ ಅನ್ನಿ. ಕೊರಳಲ್ಲಿ ಟೇಪು ಹಾಕಿಕೊಂಡು, ಎದುರಿಗಿದ್ದವರನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿ, ಅಂಗಿಗೆ ಅಳತೆ ತೆಗೆದಂತೆ ಕೇಳುತ್ತಿದ್ದ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಮೆಟ್ಟಲಾ ಹತ್ತಾಕ ಆಗತೈತೇನ್ರಿ?” ಆಮೇಲೆ, ಎಷ್ಟಕ್ಕೆ ಏಳುತ್ತೀರಿ, ಉಳ್ಳಾಗಡ್ಡಿ ನಡೆಯುತ್ತದೆಯೋ ಇಲ್ಲವೋ, ಸಂತೆಯ ಗದ್ದಲದಲ್ಲಿ ತಲೆ ತಿರುಗುವವರು ಯಾರಾದರೂ ಇದ್ದಾರೆಯೋ. ಎಲ್ಲ ಕೇಳಿಕೊಂಡು ಇಂಥ ಲಾಜು, ಇಂಥ ಮಾಳಿಗೆ, ಇಂಥ ಖೋಲಿ ಎನ್ನುತ್ತಿದ್ದ. ನಮಾಜು ಮಾಡುವವರಿಗೆ ಒಂದು ಖೋಲಿಯಾದರೆ ಲಿಂಗಪೂಜೆ ಮಾಡುವವರಿಗೆ ಇನ್ನೊಂದು. ಅದರಲ್ಲಿ ಕಿಟಕಿ ಮೂಡಣಕ್ಕೆ, ನಳ ಒಳಗೇ.

ಇದಕ್ಕೆ ಅವನು ಬೇಡುತ್ತಿದ್ದುದು ಒಂದೇ. ತಿರುಗಿ ಬಂದವರು ಮನೆಗೆ ಹೋಗಿ ಚೀಲ ಬಿಚ್ಚುವ ಮೊದಲು ಅಂಗಡಿಗೆ ಬಂದು ಹೇಗಾಯಿತು ಎಂದು ಹೇಳಬೇಕು. ನೀರು ಸವಳು, ಮೆಟ್ಟಿಲ ಜೀನೆಯಲ್ಲಿ ಕತ್ತಲೆ, ರಿಕ್ಷಾದವನು ಸುತ್ತು ಹಾಕಿಸಿದ, ಎಂದು ಅವರು ಹೇಳುತ್ತಿದ್ದರೆ ಚಾಚಾ ಮಷೀನು ನಿಲ್ಲಿಸಿ, “ಹೌದು, ಹಂಗ ಐತಿ ಅದು,” ಎಂದು ತಲೆಯಾಡಿಸುತ್ತಿದ್ದ.

ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಊರು. ಆಗ ನನಗೆ ಅಲ್ಲಿಯ ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಯಲ್ಲಿ ಹೊಸದಾಗಿ ನೌಕರಿ ಸಿಕ್ಕಿತ್ತು. ಹೊಸ ಮಾಸ್ತರನ ಸೊಕ್ಕು ನಿಮಗೂ ಗೊತ್ತಿರಬಹುದು. ಸಾಂಗಲಿಯಿಂದ ಹೈದರಾಬಾದಿನ ನಕ್ಷೆ ಕೊಂಡು ತಂದಿದ್ದೆ. ಮಡಚಿದ್ದನ್ನು ಬಿಚ್ಚಿದರೆ ಮತ್ತೆ ಮಡಚಲು ಬಾರದಂಥ ನಕ್ಷೆ. ಚಾಚಾನ ಮಾತು ಅಂದಾಜಿನ ಮಾತು ಎಂದು ಸಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ನನ್ನ ನಕ್ಷೆ ಕೇಳಲು ಬರಲಿಲ್ಲ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ನಮ್ಮ ಗೌರತ್ತಿಗೆ ಹೈದರಾಬಾದು ನೋಡುವ ಮನಸ್ಸಾಯಿತು. ಗೌರತ್ತಿ ಅಂದರೆ ನಮ್ಮ ತಂದೆಯ ಅಕ್ಕ, ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ಅಲ್ಲಿಯ ದೊಡ್ಡ ಮ್ಯೂಜಿಯಮ್ಮಿನಲ್ಲಿ ಒಂದು ಗಡಿಯಾರವಿದೆ, ತಾಸಿಗೊಮ್ಮೆ ಗೊಂಬೆ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ ಎಂದು ಚಾಚಾ ಹೇಳುವುದನ್ನು ವರ್ಷಗಟ್ಟಲೆ ಕೇಳಿದ್ದಳು. ಆದರೆ ಒಂದು ಹಟ ಹಿಡಿದಳು. ದಸ್ತಗೀರ ಬಂದರೆ ಮಾತ್ರ ತಾನು ಬರುವುದು.

ಚಾಚಾ ಒಪ್ಪಲಿಲ್ಲ. ಮದುವೆ ಸುಗ್ಗಿ ಎಂದ. ಅದು ಮುಗಿದ ಮೇಲೆ ಸಾಲೆ ಹುಡುಗರ ಯೂನಿಫಾರ್ಮು ಎಂದ. ಅದೂ ಮುಗಿಯಿತು. ಆಮೇಲೆ ಮಷೀನಿನ ಪಟ್ಟಾ ಹರಿದಿದೆ ಎಂದ. ಗೌರತ್ತಿ ಅಂಗಡಿಯ ಬಾಕಿನ ಮೇಲೆ ಹೋಗಿ ಕುಳಿತಳು.

“ಪಟ್ಟಾ ಹರದ್ರ ಇನ್ನೂ ಚಲೋ ಆತಲ್ಲೋ. ಹೊಲಿಯೂದು ಇಲ್ಲ ಏನಿಲ್ಲ. ನಡಿ.”

“ಅಕ್ಕಾರ, ಗುರುಗಳ ಅದಾರಲ್ರಿ, ನಕ್ಷಾ ಐತಿ ಅವರ ಕಡೆ.”

“ಆ ನಕ್ಷಾ ಮಡಚೂದ್ರಾಗ ಅಂವಗ ನಾಕ ದಿನ ಹೋಗತಾವ.”

ಹೀಗೆ ನಾವು ಮೂವರೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆವು. ಸೋಲಾಪುರದವರೆಗೆ ಬಸ್ಸು, ಅಲ್ಲಿಂದ ರೈಲು. ಬೆಳಿಗ್ಗೆ ಹೈದರಾಬಾದಿನ ನಾಂಪಲ್ಲಿ ಸ್ಟೇಶನ್ನಿನಲ್ಲಿ ಇಳಿದಾಗ ಗೌರತ್ತಿ ನಳ ಕಂಡು ಮುಖ ತೊಳೆಯಲು ಹೋದಳು. ಚಾಚಾ ನನ್ನ ತೋಳು ಹಿಡಿದ.

“ಗುರುಗಳ, ಹೊರಗ ಹೋಗೂ ಬಾಗಲಾ ಯಾವ ಕಡೆ ಐತ್ರಿ?”

ನಾನು ನಕ್ಕೆ, ಚಾಷ್ಟಿ ಮಾಡುತ್ತಾನೆ ಅಂದುಕೊಂಡು. ಅವನು ನಗಲಿಲ್ಲ.

“ನಾ ಸೋಲಾಪುರ ದಾಟಿ ಎಂದೂ ಬಂದಾವಲ್ರಿ. ಅಕ್ಕಾರಿಗೆ ಹೇಳಬ್ಯಾಡ್ರಿ. ಇಪ್ಪತ್ತ ವರ್ಷದ ಮಾತೈತಿ, ಊರಾಗ ಮಾರಿ ತೋರಸಾಕ ಆಗೂದಿಲ್ಲ.”

ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಹಿಗ್ಗಾಯಿತು. ನಕ್ಷೆಗೆ ಕೊನೆಗೂ ಕಾಲ ಬಂತು ಎಂದುಕೊಂಡೆ. ಆಮೇಲೆ ಅವನ ಮುಖ ನೋಡಿದೆ. ಕೈ ಕೊರಳಲ್ಲಿ ಇಲ್ಲದ ಟೇಪನ್ನು ಹುಡುಕುತ್ತಿತ್ತು. ಅವನು ಯಾವತ್ತೂ ತಾನು ಹೋಗಿದ್ದೆ ಎಂದು ಹೇಳಿದವನಲ್ಲ ಎಂಬುದು ನನಗೆ ಆಗ ಹೊಳೆಯಿತು. ಮೊದಲು ಹೋದ ಒಬ್ಬಿಬ್ಬರು ಬಂದು ಹೇಳಿದ್ದನ್ನು ಮುಂದಿನವರಿಗೆ ಹೇಳಿದ್ದ. ಅವರು ತಂದದ್ದನ್ನು ಅದಕ್ಕೆ ಕೂಡಿಸಿ ಅದರ ಮುಂದಿನವರಿಗೆ. ಹೋಗಿದ್ದೆಯಾ ಎಂದು ಕೇಳಬೇಕೆಂದು ಒಬ್ಬರಿಗೂ ಅನಿಸಿರಲಿಲ್ಲ.

ನಕ್ಷೆ ಚೀಲದಲ್ಲೇ ಉಳಿಯಿತು. ಹೊರಬಾಗಿಲು ತೋರಿಸಿದ್ದೊಂದೇ ನಾನು ಮಾಡಿದ ಉಪಕಾರ. ಅಲ್ಲಿಂದ ಮುಂದೆ ಚಾಚಾ ತಾನೇ ನಡೆದ. ಎಡಕ್ಕೆ ಮಸೀದಿ ಅಂದರೆ ಎಡಕ್ಕೆ ಮಸೀದಿ. ಅದನ್ನು ದಾಟಿದರೆ ಬಾಳೆಹಣ್ಣಿನ ಗಾಡಿ, ಗಾಡಿಯ ಹಿಂದೆ ಇರಾಣಿ ಚಹಾದ ಅಂಗಡಿ. ಕೇಳಿದ್ದೆಲ್ಲ ಒಂದೊಂದಾಗಿ ಕಣ್ಣಿಗೆ ಬಿದ್ದಂತೆ ಅವನ ನಡಿಗೆ ಲಗೂ ಆಯಿತು. ಬೇವಿನ ಗಿಡದ ಹತ್ತಿರ ಮಾತ್ರ ಕೆಟ್ಟಿತು. ಲಾಜು ದೊಡ್ಡ ಬೇವಿನ ಗಿಡದ ಎದುರಿಗೆ ಎಂಬುದು ಊರಿಗೆಲ್ಲ ಗೊತ್ತಿದ್ದ ಗುರುತು. ಅಲ್ಲಿ ಗಿಡವೇ ಇರಲಿಲ್ಲ. ಚಾಚಾ ನಡುರಸ್ತೆಯಲ್ಲಿ ನಿಂತುಬಿಟ್ಟ. ನಾನು ಕಡ್ಡಿಪೆಟ್ಟಿಗೆ ಕೊಳ್ಳುವ ನೆವ ಮಾಡಿ ಪಾನಿನ ಅಂಗಡಿಯವನನ್ನು ಕೇಳಿಕೊಂಡು ಬಂದೆ. ನನಗೆ ಬೀಡಿ ಸಿಗರೇಟಿನ ಚಟವಿಲ್ಲ ಎಂಬುದು ಗೌರತ್ತಿಗೆ ಗೊತ್ತಿತ್ತು. ಅವಳು ಕಡ್ಡಿಪೆಟ್ಟಿಗೆಯನ್ನು ನನ್ನಿಂದ ಇಸಿದುಕೊಂಡು ತನ್ನ ಚೀಲದಲ್ಲಿ ಹಾಕಿಕೊಂಡಳು.

ಲಾಜಿನಲ್ಲಿ ದಪ್ಪ ಕನ್ನಡಕದ ಮುದುಕರೊಬ್ಬರು ಮ್ಯಾನೇಜರು. ಊರು ಯಾವುದು ಎಂದರು. ಚಾಚಾ ಸೋನ್ಯಾಳ ಅಂದದ್ದೇ ತಡ, ಅವರು ಪೆನ್ನು ಕೆಳಗಿಟ್ಟರು.

“ದರ್ಜಿ ಚಾಚಾ ಭೇಜೇ ಕ್ಯಾ?”

ದರ್ಜಿ ಚಾಚಾ ಕಳಿಸಿದರೇ ಎಂದು ಅವರು ಕೇಳಿದ್ದು. ಮ್ಯಾನೇಜರು ತಮ್ಮ ಪಾಡಿಗೆ ದಖನಿ ಉರ್ದುವಿನಲ್ಲಿ ಮುಂದುವರಿದರು: ನಿಮ್ಮ ಕಡೆಯಿಂದ ಬಂದವರೆಲ್ಲ ಅವರ ಹೆಸರು ಹೇಳಿಯೇ ಬರುತ್ತಾರೆ. ಇಷ್ಟು ವರ್ಷವಾಯಿತು, ಆ ಮನುಷ್ಯ ಒಮ್ಮೆಯೂ ಇಲ್ಲಿ ಕಾಲಿಡಲಿಲ್ಲ. ಮುಖ ನೋಡಬೇಕೆಂದು ನನಗೆ ಆಸೆ, ಜೊತೆಗೆ ಕೂತು ಒಂದು ಚಹಾ ಕುಡಿಯಬೇಕು.

ನಮ್ಮ ಊರಲ್ಲಿ ದಖನಿ ಬಾರದವರು ಯಾರಿದ್ದಾರೆ? ಗೌರತ್ತಿ ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಚಾಚಾ ನೆಲ ನೋಡುತ್ತ ನಿಂತಿದ್ದ. ನಾನು ಯಾವುದಾದರೂ ಸುಳ್ಳು ಸಿಗಬಹುದೇ ಎಂದು ಒಳಗೊಳಗೆ ತಡಕಾಡುತ್ತಿದ್ದೆ. ಅಷ್ಟರಲ್ಲಿ ಅವಳೇ ಸೆರಗು ಸರಿಪಡಿಸಿಕೊಂಡು ಮುಂದೆ ಬಂದು ಚಾಚಾನ ಕಡೆ ಕೈ ಮಾಡಿದಳು.

“ಹೂಂರಿ, ಅವರ ಕಳಸ್ಯಾರ. ಅಂಗಡಿ ಬಿಟ್ಟ ಏಳಾಕ ಪುರಸತ್ತಿಲ್ಲ ಅವರಿಗೆ. ಇಂವ ನನ್ನ ತಮ್ಮ. ಅವರಿಗೆ ಕುಡಸೂ ಚಾ ಇವಗ ಕುಡಸ್ರಿ, ಅವರಿಗೆ ಮುಟ್ಟತೈತಿ.”

ಅವರಿಗೆ ಕನ್ನಡ ಪೂರ್ತಿ ತಿಳಿಯಿತೋ ಇಲ್ಲವೋ, ನಕ್ಕು ಚಹಾ ತರಿಸಿದರು. ಚಾಚಾ ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ರಿಜಿಸ್ಟರಿನಲ್ಲಿ ನಾನು ನನ್ನ ಹೆಸರು ಬರೆದೆ. ಮುದುಕರು ಕೀಲಿಕೈ ಕೊಡುತ್ತ, ಬಿಸಿ ನೀರು ಎಂಟರೊಳಗೆ ತುಂಬಿಕೊಳ್ಳಿ ಎಂದರು. “ಹೌದು, ಹಂಗ ಐತಿ ಅದು,” ಎಂದು ಚಾಚಾ ಮೆಲ್ಲಗೆ ಅಂದ.

ಎರಡನೇ ಮಾಳಿಗೆಯ ಖೋಲಿಯಲ್ಲಿ ಕಿಟಕಿ ಮೂಡಣಕ್ಕೇ ಇತ್ತು. ಗೌರತ್ತಿಯ ಪೂಜೆ ಸಾಂಗವಾಗಿ ಆಯಿತು. ಚಾರಮಿನಾರಿನ ಮೇಲೆ ಹತ್ತಿ ನಾವು ಬೆವತೆವು. ಬಳೆ ಬಜಾರಿನಲ್ಲಿ ಅವಳು ಓಣಿಯ ಹೆಂಗಸರಿಗೆಲ್ಲ ಬಳೆ ಕೊಂಡಳು. ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರದ ಮುಂದೆ ಕುಳಿತಾಗ ಗೊಂಬೆ ಹೊರಗೆ ಬಂದು ಗಂಟೆ ಬಾರಿಸತೊಡಗಿತು. ಗೌರತ್ತಿ ಗೊಂಬೆಯನ್ನು ನೋಡಲಿಲ್ಲ. ಬಾಯಿ ತೆರೆದು ನೋಡುತ್ತಿದ್ದ ಚಾಚಾನನ್ನೇ ನೋಡುತ್ತಿದ್ದಳು.

ಊರಿಗೆ ಬಂದ ಮೇಲೆ ನಾನು ತಡೆಯಲಾರದೆ ಅವಳನ್ನು ಕೇಳಿದೆ, ಲಾಜಿನಲ್ಲಿ ನಿನಗೆ ತಿಳಿದುಹೋಯಿತೇ ಎಂದು. ಅವಳು ಬಳೆಗಳನ್ನು ಎಣಿಸುತ್ತ ತಲೆ ಎತ್ತದೆ ಹೇಳಿದಳು.

“ನಮ್ಮ ಕಟ್ಟಿ ಮ್ಯಾಲ ಕುಂತ್ರ ಅವನ ಅಂಗಡಿ ಬಾಗಲಾ ಕಾಣತೈತಿ. ಇಪ್ಪತ್ತ ವರ್ಷ ಕುಂತೀನಿ. ಆ ಬಾಗಲಾ ಎರಡ ದಿನ ಹಾಕಿದ್ದ ನಾ ಎಂದ ನೋಡೀನಿ?”

ಅದೇ ವಾರ ಅಸಂಗಿಯ ಗಂಡ ಹೆಂಡತಿ ಚಾಚಾನ ಅಂಗಡಿಗೆ ಬಂದರು. ನಾನೂ ಬಾಕಿನ ಮೇಲಿದ್ದೆ. ಚಾಚಾ ಎಂದಿನಂತೆ ಮೆಟ್ಟಿಲಿನ ಮಾತು ಕೇಳಿ, ಲಾಜು, ಮಾಳಿಗೆ, ಖೋಲಿ ಹೇಳಿದ. ಅವರು ಎದ್ದು ಹೊರಟಾಗ ಮತ್ತೆ ಕರೆದ. “ಬೇವಿನ ಗಿಡ ಹುಡಕಬ್ಯಾಡ್ರಿ. ಅದನ್ನ ಕಡದಾರ. ನಾನ ಕಣ್ಣಲೆ ನೋಡಿ ಬಂದೀನಿ.” ಇಷ್ಟು ಹೇಳಿ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

ಈಗ ಚಾಚಾ ಇಲ್ಲ, ಗೌರತ್ತಿಯೂ ಇಲ್ಲ. ಮಗಳು ಕಾಠ್ಮಂಡುವಿಗೆ ಹೋಗಿ ಬಂದಳು. ಚೀಲ ಬಿಚ್ಚುವ ಮೊದಲು ಅವಳನ್ನು ಪಡಸಾಲೆಯಲ್ಲಿ ಕೂರಿಸಿ ಎಲ್ಲ ಹೇಳಿಸಿಕೊಂಡೆ. ಲಾಜು, ನೀರು, ಗುಡಿಯ ಯಾವ ಬಾಗಿಲಲ್ಲಿ ದರ್ಶನದ ಪಾಳಿ ಕಡಿಮೆ, ಎಲ್ಲವನ್ನೂ. ನಾಲ್ಕು ದಿನದ ಮೇಲೆ ಪಕ್ಕದ ಮನೆಯ ದಂಪತಿ ನಾವೂ ಹೋಗಬೇಕೆಂದಿದ್ದೇವೆ, ಎಲ್ಲಿ ಇಳಿಯುವುದು ಚಲೋ ಎಂದು ಕೇಳಲು ಬಂದರು. ಮಗಳು ಸಾಲೆಗೆ ಹೋಗಿದ್ದಳು. ನಾನು ಅವರಿಬ್ಬರನ್ನೂ ಕೂರಿಸಿದೆ. ನೆತ್ತಿಯಿಂದ ಅಂಗಾಲಿನವರೆಗೆ ಒಮ್ಮೆ ನೋಡಿದೆ.

“ಮೆಟ್ಟಲಾ ಹತ್ತಾಕ ಆಗತೈತೇನ್ರಿ?” ಎಂದು ಕೇಳಿದೆ.