ನಾನು ಹೊಡೆದ ಕೆಂಪು ಗೀಟು

ಧಾರವಾಡದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಸಿ ಭಾಷೆ ಕಲಿಸುತ್ತಿದ್ದೆ. ಸಿ ಮೇಡಂ ಎಂದೇ ಹೆಸರು. ಅದರ ಸೊಕ್ಕೂ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲರೂ ಜಾವಾ ಎಂಬ ಹೊಸ ಕಂಪ್ಯೂಟರ್ ಭಾಷೆ ಬೇಕು ಎನ್ನತೊಡಗಿದರು. ಮಾಲೀಕರು ಒಂದು ದಪ್ಪ ಪುಸ್ತಕ ತಂದುಕೊಟ್ಟು, 'ನೀವಽ ಕಲಸ್ರಿ ಮೇಡಂ, ನಿಮಗೇನು ದೊಡ್ಡದು' ಎಂದರು. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಕಲಿಸುತ್ತಿದ್ದೆ. ಓದಲು ಆಗದೆ ಉಳಿದ ಕಡೆ, ಸಿಯಲ್ಲಿ ಇದ್ದಂತೆಯೇ ಇದ್ದೀತು ಎಂದು ಧೈರ್ಯವಾಗಿ ಹೇಳಿಬಿಡುತ್ತಿದ್ದೆ.

ಹಾಗೆ ಹೇಳಿದ್ದರಲ್ಲಿ ಒಂದು, ಕಮಾಂಡ್ ಲೈನಿನ ಪಾಠ. ಪ್ರೋಗ್ರಾಮನ್ನು ಓಡಿಸುವಾಗ ಅದರ ಹೆಸರಾದ ಮೇಲೆ ನಾವು ಟೈಪ್ ಮಾಡುವ ಪದಗಳು ಒಳಗೆ ಸಾಲಾಗಿ ಕೂರುತ್ತವೆ. ಎಣಿಕೆ ಸೊನ್ನೆಯಿಂದ ಶುರು. ಸಿಯಲ್ಲಿ ಸೊನ್ನೆಯ ಜಾಗ ಪ್ರೋಗ್ರಾಮಿನ ಹೆಸರಿಗೇ ಮೀಸಲು, ನಾವು ಕೊಟ್ಟದ್ದು ಒಂದರಿಂದ. ಜಾವಾದಲ್ಲೂ ಹಾಗೇ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೀಟು ಎಳೆದೆ.

ಆ ಬ್ಯಾಚಿನಲ್ಲಿ ಅಮ್ಮಿನಬಾವಿಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಕೊನೆಯ ಪರೀಕ್ಷೆಯಲ್ಲಿ ಮೊದಲು ಬಂದವರನ್ನು ಕ್ಲಾಸಿನಲ್ಲೇ ಕಲಿಸಲು ಇಟ್ಟುಕೊಳ್ಳುವ ಪದ್ಧತಿ. 'ಈ ಕೆಲಸ ಸಿಕ್ಕರ ಇನ್ನೊಂದು ವರ್ಷ ಲಗ್ನದ ಮಾತು ತಗಿಯೂದಿಲ್ಲ ಅಂತ ಅಪ್ಪ ಹೇಳ್ಯಾನ್ರಿ ಮೇಡಂ' ಎಂದು ನನಗೇ ಹೇಳಿದ್ದಳು. 'ಸಿಗತೈತಿ ಬಿಡು, ನೀನಽ ಫಸ್ಟ್' ಎಂದು ನಾನೂ ಬೆನ್ನು ತಟ್ಟಿದ್ದೆ.

ಪರೀಕ್ಷೆ ನಡೆದದ್ದು ಕಾಗದದ ಮೇಲೆ. ಕಮಾಂಡ್ ಲೈನಿನಿಂದ ಎರಡು ಸಂಖ್ಯೆ ತೆಗೆದುಕೊಂಡು ಕೂಡಿಸುವ ಪ್ರೋಗ್ರಾಮ್ ಕೇಳಿದ್ದೆ. ಉಳಿದವರೆಲ್ಲ ನಾನು ಹೇಳಿದಂತೆ ಒಂದು, ಎರಡು ಎಂಬ ಜಾಗಗಳಿಂದ ತೆಗೆದುಕೊಂಡಿದ್ದರು. ಅವಳೊಬ್ಬಳೇ ಸೊನ್ನೆ, ಒಂದರಿಂದ. ಕೆಂಪು ಗೀಟು ಹೊಡೆದೆ. ಮರುದಿನ ಪೇಪರ್ ತೋರಿಸುವಾಗ ಅವಳನ್ನು ಎಲ್ಲರೆದುರು ಎಬ್ಬಿಸಿದೆ.

'ಇಷ್ಟು ಸರಳ ಇದ್ದದ್ದು ತಪ್ಪೀಯಲ್ಲ, ಲಕ್ಷ್ಯ ಎಲ್ಲಿತ್ತು?'

ಅವಳು ಒಮ್ಮೆ ಕ್ಲಾಸಿನ ಕಡೆ ನೋಡಿ ತಲೆ ತಗ್ಗಿಸಿದಳು. ನನ್ನ ಸಿಟ್ಟು ನೆತ್ತಿಗೇರಿತು. 'ಬಾಯಾಗ ಏನು ಕಡಬು ಇಟಗೊಂಡೀಯೇನು? ಮಾತಾಡು!'

'ಮೇಡಂ, ಜಾವಾದಾಗ ಸೊನ್ನೆಯಿಂದನಽ ಬರ್ತಾವ್ರಿ. ನಾ ಮಷೀನ್ ಮ್ಯಾಲೆ ಮಾಡಿ ನೋಡೇನ್ರಿ.'

'ಓಹೋ! ಹಂಗಾರ ನಾಳಿಂದ ನೀನಽ ಕಲಸು, ನಾ ಅಮ್ಮಿನಬಾವಿಗೆ ಹೋಗ್ತೇನಿ.'

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಕರೆಂಟ್ ಇರಲಿಲ್ಲ, ಮಾಡಿ ತೋರಿಸುವ ಮಾತೇ ಬರಲಿಲ್ಲ. ನಾನು ಏನು ಕಲಿಸಿದ್ದೆನೆಂದು ಅವಳ ನೋಟ್‌ಬುಕ್ಕಿನಲ್ಲೇ ತೋರಿಸುತ್ತೇನೆಂದು ಅದನ್ನು ಕಸಿದುಕೊಂಡೆ. ಅಷ್ಟರಲ್ಲಿ ಮುಂದಿನ ಬ್ಯಾಚಿನವರು ಬಾಗಿಲಿಗೆ ಬಂದರು. ನೋಟ್‌ಬುಕ್ ನನ್ನ ಮೇಜಿನ ಮೇಲೇ ಉಳಿಯಿತು.

ಸಂಜೆ ಎಲ್ಲರೂ ಹೋದ ಮೇಲೆ ಕರೆಂಟ್ ಬಂತು. ಅವಳ ಪ್ರೋಗ್ರಾಮ್ ಟೈಪ್ ಮಾಡಿ ಏಳು, ಐದು ಕೊಟ್ಟೆ, ಹನ್ನೆರಡು ಬಂತು. ನಾನು ಕಲಿಸಿದಂತೆ ಬರೆದೆ. ಮಷೀನು, ಎರಡು ಎನ್ನುವ ಜಾಗವೇ ಇಲ್ಲವೆಂದು ತಪ್ಪು ತೋರಿಸಿ ನಿಂತುಬಿಟ್ಟಿತು.

ಮಾರ್ಕಿನ ಪಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ತಿದ್ದಿದರೆ ಮಾಲೀಕರು ಯಾಕೆ ಎನ್ನುತ್ತಾರೆ. ಸಿ ಮೇಡಮ್ಮಿಗೆ ಜಾವಾ ಬರುವುದಿಲ್ಲ ಎಂದು ಊರೆಲ್ಲ ಆಗುತ್ತದೆ. ಪಟ್ಟಿಯನ್ನು ಇದ್ದಂತೆಯೇ ಕಳಿಸಿದೆ. ಅವಳು ಎರಡನೆಯವಳಾದಳು, ಕೆಲಸ ಬೇರೆಯವರಿಗೆ ಹೋಯಿತು. ನಾಲ್ಕು ಜನರೆದುರು ನನ್ನ ಮಾನ ಕಳೆಯಲು ನಿಂತವಳು, ಅನುಭವಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಥೂ! ಬರೆಯಲೂ ನಾಚಿಕೆಯಾಗುತ್ತದೆ.

ಎರಡು ದಿನ ಬಿಟ್ಟು ಅವಳು ನೋಟ್‌ಬುಕ್ ಒಯ್ಯಲು ಬಂದಳು. ಮುಖ ನೋಡಲಾರದೆ ಪುಟ ತಿರುವಿದೆ. ನನ್ನ ಪಾಠವನ್ನು ಆ ಎರಡು ಗೀಟಿನ ಸಮೇತ ಬರೆದುಕೊಂಡಿದ್ದಳು. ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಹೀಗಿತ್ತು: 'ಮಷೀನಿನಲ್ಲಿ ಬೇರೆ ಬಂತು. ಮೇಡಂ ಒಬ್ಬರೇ ಇದ್ದಾಗ ಹೇಳಬೇಕು. ಎಲ್ಲರ ಮುಂದೆ ಬೇಡ.'

ಮುಚ್ಚಿ ಕೊಟ್ಟೆ. ಆಗ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ನಾನು ಬಾಯಿ ಬಿಡಲಿಲ್ಲ. 'ಬರ್ತೇನ್ರಿ ಮೇಡಂ' ಎಂದು ಹೇಳಿ ಅವಳು ಬಸ್ಸಿಗೆ ಹೋದಳು.