ಗೂಡಿನಲ್ಲಿ ಕೂತ ಕನ್ನಡಕ

ಕಳೆದ ತಿಂಗಳು ಗದ್ವಾಲದಲ್ಲಿ ನಾನೊಂದು ಕನ್ನಡಕಕ್ಕೆ ಕೈಮುಗಿದೆ. ನಗಬೇಡಿ. ಒಳಗೆ ಬಂದವರೆಲ್ಲ ಮುಗಿಯುತ್ತಿದ್ದರು, ನಾನೂ ಮುಗಿದೆ.

ಕನ್ನಡಕ ಇದ್ದದ್ದು ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ. ಯಂತ್ರದ ಅಲಗುಗಳಿಗೆ ಸಾಣೆ ಹಿಡಿಯುವವನು ಸಾಬಣ್ಣ. ಸಾಣೆಚಕ್ರ ತಿರುಗಿತೆಂದರೆ ಮುಖದ ಮೇಲೆಲ್ಲ ಕಿಡಿ. ಫ್ಯಾಕ್ಟರಿ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರ ಹುಕುಂ ಆಯಿತೆಂದು ಮಾಲೀಕ ಸಾಹುಕಾರರು ಹೈದರಾಬಾದಿನಿಂದ ದಪ್ಪ ಗಾಜಿನ ಕನ್ನಡಕ ತರಿಸಿದ್ದರು. ಬಂದದ್ದು ದಸರೆಯ ಹೊತ್ತಿಗೆ. ಆಯುಧಪೂಜೆಯಲ್ಲಿ ಸುತ್ತಿಗೆ, ಇಕ್ಕಳಗಳ ಜೊತೆ ಅದಕ್ಕೂ ವಿಭೂತಿ ಬಳಿದು, ಹೂವೇರಿಸಿ, ದೇವರ ಗೂಡಿನಲ್ಲಿ ಕೂರಿಸಿದರು. ಸುತ್ತಿಗೆ ಮರುದಿನವೇ ಕೆಲಸಕ್ಕಿಳಿಯಿತು. ಕನ್ನಡಕ ಇಳಿಯಲಿಲ್ಲ. (ಅಷ್ಟು ಚೆಂದದ ವಸ್ತುವನ್ನು ಬೆವರಿನ ಮುಖಕ್ಕೆ ಹಾಕುವುದೇ?)

ಒಂದು ವಸ್ತುವನ್ನು ಬಳಸುವ ಮನಸ್ಸಿಲ್ಲದಿದ್ದರೆ ನಮ್ಮ ಜನಕ್ಕೆ ಸುಲಭದ ದಾರಿಯಿದೆ. ಪೂಜೆ ಮಾಡಿಬಿಡುವುದು.

ನಾನು ಹೋದದ್ದು ನಮ್ಮ ಮನೆಯ ಅಡಕೊತ್ತಿಗೆ ಸಾಣೆ ಹಿಡಿಸಲು. “ಆ ಕನ್ನಡಕ ಹಾಕ್ಕೋಬಾರದೇನೋ ಸಾಬಣ್ಣ?” ಎಂದೆ.

“ದೇವರ ಮುಂದಿಂದು ಹ್ಯಾಂಗ ಮುಟ್ಟಾಕ ಬರತೈತ್ರೀ ಕಾಕಾ? ನಿಮ್ಮ ಅಡಕೊತ್ತೇನು, ಎರಡು ಸುತ್ತಿನ ಕೆಲಸ!”

ಮೊದಲ ಸುತ್ತಿಗೇ ಕಣ್ಣು ಹಿಡಿದುಕೊಂಡು ಕುಸಿದ. ಉಕ್ಕಿನ ಚೂರು. (ನನ್ನ ಅಡಕೊತ್ತು ಮೊಂಡಾಗಿಯೇ ಬಿದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು?)

“ಉಜ್ಜಬ್ಯಾಡಲೇ! ಔಡಲೆಣ್ಣಿ ಬಿಡ್ರಿ, ತಾನಾ ಜಾರತೈತಿ,” ಎಂದ ಮೇಸ್ತ್ರಿ. ಎರಡು ದಿನ ಎಣ್ಣೆ ಬಿಟ್ಟರು. ಮೂರನೆಯ ದಿನ ಕಣ್ಣು ಊದಿ ಮುಚ್ಚಿತು. ನಾನೇ ರೈಲು ಹತ್ತಿಸಿ ಕರ್ನೂಲಿಗೆ ಕರೆದೊಯ್ದೆ.

ಕನ್ನಡಕ ಇರಲಿಲ್ಲವೇ ಎಂದು ಡಾಕ್ಟರು ತೆಲುಗಿನಲ್ಲಿ ಗದರಿದರು. ಗಾಬರಿಯಲ್ಲಿ ಸಾಬಣ್ಣ ಕನ್ನಡದಲ್ಲೇ ಅಂದ: “ಐತ್ರೀ. ದಿನಾ ಕೈ ಮುಗೀತೀನ್ರೀ.”

ನಾನದನ್ನು ತೆಲುಗಿಗೆ ತಿರುಗಿಸಿ ಹೇಳಬೇಕಾಯಿತು. ಅಂಥ ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ಚೂರು ಹೊರಬಂತು, ದೃಷ್ಟಿ ತಿರುಗಿ ಬರಲಿಲ್ಲ. ಆ ಕಣ್ಣಿಗೆ ಈಗ ಬೆಳಕು ಯಾವುದು, ಕತ್ತಲೆ ಯಾವುದು ಅಷ್ಟೇ ಗೊತ್ತು.

ಸಾಹುಕಾರರನ್ನು ಕಂಡೆ. “ಇನ್ನೊಂದು ಕಣ್ಣು ಛಲೋ ಐತಲ್ಲ? ಶಿವ ದೊಡ್ಡಾವ!” ಎಂದರು. ಇನ್ನಾದರೂ ಕನ್ನಡಕ ಇಳಿಸಿ ಕೊಡಿ ಎಂದೆ.

“ಪೂಜಿಗೆ ಕುಂದರ್ಸಿದ್ದನ್ನ ನಡುವ ಎಬ್ಬಿಸಿದ್ರ ಕೇಡ್ರೀ. ಬರೋ ದಸರಾಕ್ಕ ನೋಡೋಣಂತ.”

ಸಾಬಣ್ಣ ನಾಳೆಯಿಂದ ಮತ್ತೆ ಸಾಣೆಗೆ ಕೂಡುತ್ತಾನೆ.

ಅಲ್ಲ ಸಾಹುಕಾರರೇ, ದಸರೆ ಬರುವತನಕ ಅವನ ಉಳಿದೊಂದು ಕಣ್ಣನ್ನು ಯಾವ ಗೂಡಿನಲ್ಲಿ ಇಡೋಣ?