ಬಾಲ್ಕನಿಯಲ್ಲಿ ನೇತಾಡಿದ ಬೆಟ್ಟದ ಹಕ್ಕಿ

ಅಮೆರಿಕದಲ್ಲಿ ನಾವಿರುವ ಪಿಸ್ಕಾಟವೇಯಲ್ಲಿ ಚಳಿ ಶುರುವಾಗುವ ಮೊದಲೇ ಹಮ್ಮಿಂಗ್ ಬರ್ಡ್‌ಗಳು ದಕ್ಷಿಣಕ್ಕೆ ಹೊರಟುಹೋಗುತ್ತವೆ. ಆ ವರ್ಷ ನವೆಂಬರ್‌ನಲ್ಲೂ ಇಟ್ಟಿಗೆ ಬಣ್ಣದ ಒಂದು ಹಕ್ಕಿ ನಮ್ಮ ಬಾಲ್ಕನಿಯಲ್ಲಿ ತೂಗುಹಾಕಿದ್ದ ಸಕ್ಕರೆ ನೀರಿನ ಬಟ್ಟಲಿಗೆ ಬರುತ್ತಿತ್ತು. ಪಶ್ಚಿಮದ ಎತ್ತರದ ಬೆಟ್ಟಗಳಲ್ಲಿ ಇರುವ ಜಾತಿ, ದಾರಿ ತಪ್ಪಿ ಬಂದಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಅಂದಿನಿಂದ ಬೆಳಿಗ್ಗೆ ಎದ್ದರೆ ಮೊದಲು ಅದೇ ಚಿಂತೆ: ಬದುಕಿದೆಯೋ ಇಲ್ಲವೋ.

ಒಂದು ಬೆಳಿಗ್ಗೆ ಕಾರುಗಳ ಮೇಲೆಲ್ಲ ಮಂಜು ಬೆಳ್ಳಗೆ ಗಟ್ಟಿಯಾಗಿತ್ತು. ಹಕ್ಕಿ ನೀರಿನ ಬಟ್ಟಲಿನ ಅಂಚು ಹಿಡಿದು ತಲೆಕೆಳಗಾಗಿ ನೇತಾಡುತ್ತಿತ್ತು. ಬೆರಳು ತಾಗಿಸಿದರೆ ಅಲುಗಲಿಲ್ಲ. ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಭಾರವೇ ಇಲ್ಲ, ತಣ್ಣಗೆ ಕೊರೆಯುತ್ತಿತ್ತು.

"ಹೋಗ್ಬಿಡ್ತೇನ್ರೀ?" ಎಂದಳು ಹೆಂಡತಿ.

"ಗೊತ್ತಾಗ್ತಿಲ್ಲ ಕಣೆ."

ಅವಳು ಅಡುಗೆಮನೆ ಕಿಟಕಿಯಲ್ಲಿದ್ದ ಕುಂಡದಿಂದ ತುಳಸಿ ಎಲೆ ಕಿತ್ತು, ಚಮಚದಲ್ಲಿ ನೀರು ತಂದಳು. "ಜೀವ ಹೋಗೋ ಹೊತ್ತಲ್ಲಿ ಬಾಯಿಗೊಂದು ಹನಿ ಬಿಡದಿದ್ರೆ ಹೇಗ್ರೀ? ಕೊಕ್ಕು ಎತ್ತಿ ಹಿಡೀರಿ." ನಮ್ಮ ಕಡೆ ಮನುಷ್ಯರಿಗೆ ಮಾಡುವುದನ್ನೇ ನಾವು ಅದಕ್ಕೂ ಮಾಡಿದೆವು. ಎಲೆಯ ತುದಿಯಿಂದ ಹನಿ ಇಳಿಯಿತು.

"ನೋ ವಾಟರ್!" ಪಕ್ಕದ ಬಾಲ್ಕನಿಯಿಂದ ಕೂಗು ಬಂತು. ಈಕ್ವೆಡಾರಿನ ಬೆಟ್ಟದೂರಿನ ಹೆಂಗಸು. ನನ್ನ ಹೆಂಡತಿ ಅವರನ್ನೂ ಆಂಟಿ ಎಂದೇ ಕರೆಯುತ್ತಾಳೆ. ತಮ್ಮ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅವರು ಹೇಳಿದರು, "ಅದು ಸತ್ತಿಲ್ಲ, ಈಗ ನೀರು ಬಿಟ್ರೆ ಉಸಿರು ಕಟ್ಟುತ್ತೆ. ನಮ್ಮ ಬೆಟ್ಟದಲ್ಲೂ ಚಳಿಗೆ ಹೀಗೇ ಕಲ್ಲಿನ ಹಾಗೆ ಮಲಗ್ತವೆ. ನನ್ನ ಗಂಡನೂ ಹೀಗೇ ಮಲಗ್ತಾನೆ, ಅವನ ಬಾಯಿಗೂ ನೀರು ಬಿಡ್ತೀರಾ?"

ನಮಗೆ ನಗು ಬರಲಿಲ್ಲ. ಹೆಂಡತಿ ಸ್ವೆಟರಿನ ತೋಳಿನಿಂದ ಕೊಕ್ಕು ಒರೆಸಿದಳು. "ಆಂಟಿ, ಹನಿ ಒಳಗೆ ಹೋಗಿದ್ರೆ?"

ಆಂಟಿ ಬಿಸಿಲು ಬರಲಿ ಎಂದಷ್ಟೇ ಕೈಸನ್ನೆ ಮಾಡಿದರು.

ಬಾಲ್ಕನಿಯ ಮೂಲೆಗೆ ಬಿಸಿಲು ಬಂದಾಗ ಅಂಗೈ ಚಾಚಿ ಕೂತೆ. ಸತ್ತಿದೆ ಎಂಬ ಹೆದರಿಕೆ ಹೋಗಿ, ಬದುಕಿದ್ದುದನ್ನು ನಾವೇ ಕೊಂದೆವೇನೋ ಎಂಬ ಹೆದರಿಕೆ ಹಿಡಿದಿತ್ತು. ಕೈ ನಡುಗಿದರೆ ಬಿದ್ದೀತೆಂದು ಉಸಿರು ಬಿಗಿಹಿಡಿದೆ. ಬಹಳ ಹೊತ್ತಿನ ಮೇಲೆ ಅಂಗೈಯಲ್ಲಿ ಸಣ್ಣ ನಡುಕ. ನನ್ನದೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಹಕ್ಕಿ ಕಣ್ಣು ಬಿಟ್ಟಿತು, ಮೈ ಉಬ್ಬಿಸಿತು. ಇನ್ನೂ ಸ್ವಲ್ಪ ಹೊತ್ತು ನಡುಗುತ್ತಾ ಇದ್ದು, ನೋಡನೋಡುತ್ತಿದ್ದಂತೆ ಹಾರಿ ಹೋಯಿತು.

ಸಂಜೆ ಮತ್ತೆ ಬಂದು ನೀರು ಕುಡಿಯಿತು. ಚಳಿ ಇನ್ನೂ ಹೆಚ್ಚಾಗುತ್ತದೆ ಎಂದು ಫೋನು ತೋರಿಸುತ್ತಿತ್ತು.

"ನಾಳೆನೂ ಹಂಗೇ ನೇತಾಡುತ್ತಾ?"

"ನೇತಾಡ್ಬಹುದು. ನೀನು ಮಾತ್ರ ಚಮಚ ತರಬೇಡ."

ಮರುದಿನ ಬಾಲ್ಕನಿಗೆ ಬಿಸಿಲು ಬರುವ ತನಕ ನಾವಿಬ್ಬರೂ ಪರದೆ ಸರಿಸಲಿಲ್ಲ.